ನಲವತ್ತೆಂಟು ಅಂಕಿ

ಬೆಳಗಿನ ಜಾವ ನಾಲ್ಕೂ ಇಪ್ಪತ್ತು. ಪೆನೀಶ್ ಬಂದರಿನ
ಮೀನು ಹರಾಜುಕಟ್ಟೆಯಲ್ಲಿ ದೊಡ್ಡ ಬೋರ್ಡು ಕಪ್ಪು.
ಕೆಳಗೆ ಝುಲ್ಮೀರಾಳ ಮೇಜಿನ ಕಂಪ್ಯೂಟರೂ ಕಪ್ಪು.
ಎಡಮೂಲೆಯಲ್ಲಿ ಒಂದೇ ಒಂದು ಬಿಳಿ ಗೀಟು
ಮಿಟುಕುತ್ತದೆ, ಏನೋ ಹೇಳಲು ಬಂದು
ಮರೆತುಹೋದವರ ಹಾಗೆ.

ಐಸು ಸುರಿಯುವವನು ನಾನು. ನನಗೇನು ಗೊತ್ತು?
ಅವಳೇ ಹೇಳಿದ್ದು: ರಾತ್ರಿ ಯಾರೂ ಇಲ್ಲದಾಗ
ಪರದೆಗೊಬ್ಬ ಹೊಸ ಡ್ರೈವರ್ ಬಂದನಂತೆ,
ಹಳಬನನ್ನು ಇಳಿಸಿ, ಕೇಳದೆ ಹತ್ತಿ ಕೂತನಂತೆ.
ಲಾರಿ ಡ್ರೈವರ್ ಆಗಿದ್ದರೆ ಕಾಲರ್ ಹಿಡಿಯಬಹುದಿತ್ತು,
ಲೈಸೆನ್ಸ್ ಎಲ್ಲಪ್ಪಾ ಅಂತ.

ಹೊರಗೆ ಏಳು ದೋಣಿ.
ಬೂತಾಯಿ, ಬಂಗುಡೆ, ಒಂದು ಬುಟ್ಟಿ ಆಕ್ಟೋಪಸ್.
ಬೂತಾಯಿ ಯಾರಿಗೂ ಕಾಯುವುದಿಲ್ಲ;
ಮೊದಲು ಅದರ ಕಣ್ಣು ಮಂಕಾಗುತ್ತದೆ, ಆಮೇಲೆ ಬೆಲೆ.
ಹೋಟೆಲಿನವರು, ಡಬ್ಬಿ ಕಾರ್ಖಾನೆಯವರು
ಮೆಟ್ಟಿಲ ಮೇಲೆ ಕೂತು, ಕಾಫಿ ಮುಗಿದ ಲೋಟದ ತಳ ನೋಡುತ್ತಿದ್ದಾರೆ.

ಝುಲ್ಮೀರಾ ಒಂದು ವಿಚಿತ್ರ ಮಾಡಿದಳು.
ಗುಂಡಿ ಒತ್ತಿ ಹಿಡಿದು ಬೇಕೆಂದೇ ಅದರ ಉಸಿರು ಕಟ್ಟಿಸಿದಳು.
ಎಬ್ಬಿಸಿದಳು. ಕಣ್ಣು ಬಿಡುವ ಮೊದಲೇ ಮತ್ತೆ ಕಟ್ಟಿಸಿದಳು.
"ಮೂರು ಸಲ ಬೀಳಬೇಕು," ಅಂದಳು,
"ಆಗಲೇ ಅದಕ್ಕೆ ತಾನು ಬಿದ್ದದ್ದು ಗೊತ್ತಾಗುವುದು."
ನನ್ನ ಭಾವನಿಗೆ ಏಳು ಸಲ ಬೇಕಾಯಿತು, ನಾನಂದೆ.
ಅವಳು ನಗಲಿಲ್ಲ.

ಮೂರನೆಯದಕ್ಕೆ ಪರದೆ ನೀಲಿಯಾಗಿ ಕೀಲಿ ಕೇಳಿತು.
ನಲವತ್ತೆಂಟು ಅಂಕಿ, ಆರಾರರ ಎಂಟು ಗುಂಪು.
ಹಳೆಯ ಗುಮಾಸ್ತ ಪೆನ್ಸಿಲಿನಲ್ಲಿ ರಟ್ಟಿನ ಮೇಲೆ ಬರೆದು,
ಆ ತುದಿಯ ತೂಕದ ಯಂತ್ರದ ಅಡಿಗೆ ಅಂಟಿಸಿ,
ನಿವೃತ್ತನಾಗಿದ್ದ. ಅಂಟು ಬಿಡುವುದಿಲ್ಲ.
ನಾನು ಬಗ್ಗಿ ಓದಿದೆ; ಐಸ್ ಯಂತ್ರದ ಗದ್ದಲಕ್ಕೆ
ನನ್ನ ದನಿ ನನಗೇ ಕೇಳಿಸಲಿಲ್ಲ.

ಆಗ ಎದ್ದವನು ಬೆಲರ್ಮೀನು.
ಈ ಬೋರ್ಡು ಬರುವ ಮುಂಚೆ ಹರಾಜು ಕೂಗುತ್ತಿದ್ದವನು,
ಮೇಲಿನಿಂದ ಕೆಳಕ್ಕೆ, ಉಸಿರು ತೆಗೆಯದೆ,
ತೊಂಬತ್ತು ಎಂಬತ್ತೊಂಬತ್ತು ಎಂಬತ್ತೆಂಟು ಎಂಬತ್ತೇಳು,
ಯಾರಾದರೂ "ಶುಯಿ" ಎಂದು ತಡೆಯುವವರೆಗೆ.
ಈಗ ಬಲೆ ಹೊಲಿಯುತ್ತಾನೆ.
ಒದ್ದೆ ನೆಲದ ಮೇಲೆ ಅಂಗಾತ ಮಲಗಿ
ಯಂತ್ರದ ಹೊಟ್ಟೆಯಡಿ ತಲೆ ತೂರಿಸಿ ಶುರು ಮಾಡಿದ:

ನಾಲ್ಕು ಒಂದು ಏಳು, ಸೊನ್ನೆ ಒಂದು ಸೊನ್ನೆ!
ಮೂರು ಸೊನ್ನೆ ಎಂಟು, ಸೊನ್ನೆ ಐದು ಐದು!

ದನಿ ತಗಡಿನ ಮಾಡಿಗೆ ಬಡಿದು, ಕಡಲಹಕ್ಕಿಗಳನ್ನೆಬ್ಬಿಸಿ
ಇಳಿಯಿತು. ಐದನೆಯ ಗುಂಪು.
ಆರು ಐದು ನಾಲ್ಕು ಅಂತ ಅಂಕಿ ಇಳಿಯತೊಡಗಿದ್ದೇ ತಡ,
ಮೆಟ್ಟಿಲ ಮೇಲಿಂದ ಡಬ್ಬಿ ಕಾರ್ಖಾನೆಯ ಮುದುಕಿ
ಕೈ ಎತ್ತಿ, ಬಾಯಿ ತಪ್ಪಿ, "ಶುಯಿ!" ಅಂದುಬಿಟ್ಟಳು.

ಇಡೀ ಕಟ್ಟೆ ಸುಮ್ಮನಾಯಿತು.
ಆಮೇಲೆ ನಗು. ಯಂತ್ರದಡಿಯಿಂದಲೂ.
ಝುಲ್ಮೀರಾ ಅಂಕಿ ತಪ್ಪಿದಳು, ಎಲ್ಲರನ್ನೂ ಬೈದಳು.
ಮತ್ತೆ ಆರರಿಂದ.

ಬಂತು. ಬಣ್ಣವಿಲ್ಲ, ಸದ್ದಿಲ್ಲ,
ಒಂದೊಂದು ಅಕ್ಷರವೂ ಕುಂಬಳಕಾಯಿ ಗಾತ್ರ,
ನಾಲ್ಕು ಮೂಲೆಗೂ ಕಾವಲು ಕೂತ ಒಂದೇ ಮಾತು.
ಜ್ವರ ಬಿಟ್ಟವನಿಗೆ ಮೊದಲು ಗಂಜಿ, ಅಂದಳು.
ಹೊಸ ಡ್ರೈವರನ್ನು ಹುಡುಕಿದಳು.
ಹಳಬ ಎಲ್ಲೂ ಹೋಗಿರಲಿಲ್ಲ, ಒಳಗೇ ಇದ್ದ,
ಚಾವಿ ಜೇಬಿನಲ್ಲೇ.

ಬಿಡುವ ಮೊದಲು ಅದೊಂದು ಪ್ರಶ್ನೆ ಹಾಕಿತು:
ಹಿಂದಕ್ಕೆ ಹೋಗುತ್ತಿರುವುದು ಯಾಕೆ?
ಗುರುತು ಹಾಕಲು ಕೆಳಗೆ ಐದಾರು ಕಾರಣ.
ಬೆಲರ್ಮೀನು ಅಂಗಿಯ ನೀರು ಹಿಂಡುತ್ತ ಬಂದು ನಿಂತಿದ್ದ.
"ಮುಂದಕ್ಕೆ ಹೋಗುವಾಗ ಕೇಳಿತ್ತಾ?"
"ಇಲ್ಲ."
"ಹೂಂ," ಅಂದ.

ಐದೂ ಹತ್ತಕ್ಕೆ ಬೋರ್ಡು ಹೊತ್ತಿಕೊಂಡಿತು.
ಮೊದಲ ಬುಟ್ಟಿ ಬೂತಾಯಿ. ಅಂಕಿಗಳು ಸದ್ದಿಲ್ಲದೆ ಇಳಿದವು.
ಯಾರೋ ಗುಂಡಿ ಒತ್ತಿದರು;
ಯಾರು ಅಂತ ಪಕ್ಕದವರಿಗೂ ತಿಳಿಯಲಿಲ್ಲ.
ಬೆಲರ್ಮೀನು ಬಾಗಿಲಲ್ಲಿ ನಿಂತು ನೋಡುತ್ತಿದ್ದ,
ತುಟಿ ಅಲುಗುತ್ತಿತ್ತು,
ಬೋರ್ಡಿಗಿಂತ ಒಂದು ಅಂಕಿ ಮುಂದೆ.

ನಾನು ಸಲಿಕೆ ಎತ್ತಿಕೊಂಡೆ. ಐಸು ಕರಗುತ್ತಿತ್ತು.